ನೋವಿಗೆ ಮೊದಲೇ ಹಲ್ಲಿನ ಡಾಕ್ಟರರ ಬಳಿ: ಕವಳ (ಎಲೆ-ಅಡಿಕೆ) ಹಾಕುವ ಊರಿನವರಿಗೆ

ಕನ್ನಡಿಯೆದುರು ನಿಂತು ಬಾಯಿ ಪೂರ್ತಿ ತೆರೆಯಿರಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಿ. ಮೂರೂ ಸರಾಗವಾಗಿ ಹೋದರೆ ಸರಿ. ಎರಡೇ ಹೋಗುತ್ತವೆ, ಅಥವಾ ಮೊದಲು ಹೋಗುತ್ತಿದ್ದ ಮೂರನೆಯದು ಈಗ ಬಿಗಿ ಎನಿಸುತ್ತದೆ ಎಂದಾದರೆ, ಒಂದು ಹಲ್ಲೂ ನೋಯದಿದ್ದರೂ ಈ ವಾರವೇ ತೋರಿಸಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪರೀಕ್ಷೆ ಇಲ್ಲಿಂದಲೇ ಶುರುವಾಗಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೊದಲು ಸಾರಿನ ಖಾರಕ್ಕೇ ಬಾಯಿ ಉರಿಯುತ್ತದೆ, ಆಮೇಲೆ ಕೆನ್ನೆಯ ಒಳಗೆ ಬಿಳಚಿಕೊಂಡು ಗಟ್ಟಿಯಾಗುತ್ತದೆ, ಕೊನೆಗೆ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಒಮ್ಮೆ ಕಟ್ಟಿದ ನಾರು ತಾನಾಗಿ ಕರಗುವುದಿಲ್ಲ. ಉರಿ ಮಾತ್ರ ಇರುವಾಗಲೇ ಅಡಿಕೆ ಬಿಟ್ಟರೆ ಸಾಕಷ್ಟು ತಡೆಯಬಹುದು. "ನಾವು ತಂಬಾಕು ಹಾಕುವುದಿಲ್ಲ, ಬರೀ ಎಲೆ-ಅಡಿಕೆ" ಎನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಮಾರಿಯೇ ಮನೆ ನಡೆಯುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೆ ಮಾರುವುದು ಬೇರೆ, ದವಡೆಯಲ್ಲಿ ಇಟ್ಟುಕೊಂಡು ಮಲಗುವುದು ಬೇರೆ.

ವರ್ಷಕ್ಕೆ ಎರಡು ಸಲ ತೋರಿಸುವುದು ಒಳ್ಳೆಯ ರೂಢಿ. ಕವಳ ಹಾಕುವವರು, ಸಕ್ಕರೆ ಕಾಯಿಲೆಯವರು ಇದನ್ನು ತಪ್ಪಿಸಲೇಬಾರದು. ತಾರೀಕು ನೆನಪಿಡುವುದಕ್ಕಿಂತ ಕೆಲಸದ ಹಂಗಾಮಿಗೆ ಕಟ್ಟಿಕೊಳ್ಳುವುದು ಸುಲಭ. ತೋಟದವರು ದಸರೆಯ ಹೊತ್ತಿಗೊಮ್ಮೆ ಹೋಗಿಬನ್ನಿ, ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ ಮನೆಯಿಂದ ಯಾರೂ ಅಲ್ಲಾಡುವುದಿಲ್ಲ. ಇನ್ನೊಮ್ಮೆ ಮಕ್ಕಳ ಬೇಸಿಗೆ ರಜೆಯಲ್ಲಿ. ಕಾರವಾರ, ಅಂಕೋಲಾ, ಹೊನ್ನಾವರದ ಮೀನುಗಾರ ಮನೆಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವ ಸಮಯ ಅನುಕೂಲ.

ಹೋಗುವಾಗ ಹೊಟ್ಟೆಗೆ ತಿಂದು ಹೋಗಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಅಥವಾ ಖಾಲಿ ಸ್ಟ್ರಿಪ್ಪನ್ನೇ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ವಾಲ್ವಿನ ಶಸ್ತ್ರಚಿಕಿತ್ಸೆ, ಸಕ್ಕರೆ ಕಾಯಿಲೆ, ಗರ್ಭ ಇವನ್ನು ಕೇಳುವ ಮೊದಲೇ ಹೇಳಿ. ಹಲ್ಲು ಕೀಳಿಸಬೇಕೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಡಾಕ್ಟರರು ಹಲ್ಲನ್ನಷ್ಟೇ ನೋಡಿ ಬಿಟ್ಟರೆ, "ಕೆನ್ನೆ, ನಾಲಿಗೆಯ ಪಕ್ಕ, ನಾಲಿಗೆಯ ಕೆಳಗೆ ಒಮ್ಮೆ ನೋಡಿ" ಎಂದು ಕೇಳಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಬೆರಳಿಟ್ಟು ತೋರಿಸಿ. ಒಸಡಿನ ಅಂಚಿನಲ್ಲಿ ಸಣ್ಣ ಕಡ್ಡಿ ಇಳಿಸಿ ಆಳ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸಹಜ, 4 ದಾಟಿದರೆ ಹಲ್ಲನ್ನು ಹಿಡಿದಿರುವ ಎಲುಬು ಸವೆಯುತ್ತಿರಬಹುದು. ಆ ಅಂಕಿಯನ್ನು ಬರೆಸಿಕೊಳ್ಳಿ, ಮುಂದಿನ ಸಲ ಹೋಲಿಸಿ ನೋಡಲು ಬರುತ್ತದೆ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆ ಎಂಬ ಮಾತು ಎಲ್ಲ ಊರಲ್ಲೂ ಇದೆ. ನಡೆಯುವುದು ಹೀಗೆ: ಹಲ್ಲಿನ ಪಾಚಿ ಕೆಲವೇ ದಿನಗಳಲ್ಲಿ ಜೊಲ್ಲಿನ ಸುಣ್ಣದಂಶ ಹಿಡಿದು ಕಲ್ಲಾಗುತ್ತದೆ. ಜೊಲ್ಲು ಬಾಯಿಗಿಳಿಯುವ ಜಾಗ, ಅಂದರೆ ಕೆಳಗಿನ ಮುಂಬಲ್ಲಿನ ಒಳಬದಿ ಮತ್ತು ಮೇಲಿನ ದವಡೆಹಲ್ಲಿನ ಹೊರಬದಿ, ಅಲ್ಲೇ ಕಲ್ಲು ಹೆಚ್ಚು. ವರ್ಷಗಟ್ಟಲೆ ಕೂತ ಕಲ್ಲು ಒಸಡನ್ನು ಕೆಳಗೆ ತಳ್ಳಿ, ಎಲುಬು ಸವೆಸಿ, ಆಮೇಲೆ ತಾನೇ ಸಿಮೆಂಟಿನಂತೆ ಹಲ್ಲುಗಳನ್ನು ಜೋಡಿಸಿ ಹಿಡಿದಿರುತ್ತದೆ. ಕಲ್ಲು ತೆಗೆದಾಗ ಆಗಲೇ ಆಗಿದ್ದ ಸಡಿಲು ಗೊತ್ತಾಗುತ್ತದೆ, ಸಂದು ಕಾಣುತ್ತದೆ. ಕೆಲ ದಿನ ತಣ್ಣೀರು ಜುಂ ಎನ್ನುವುದು ಸಹಜ. ಬೇಗ ಮಾಡಿಸಿದಷ್ಟೂ ಇದು ಕಡಿಮೆ.

ಇನ್ನು ಮನೆಯಲ್ಲಿ. ಮೆದು ಬ್ರಷ್, ಮೂರು ತಿಂಗಳಿಗೊಂದು, ಕೂದಲು ಬಾಗಿದರೆ ಅದಕ್ಕೂ ಮೊದಲೇ. ಪೇಸ್ಟಿನ ಟ್ಯೂಬಿನ ಹಿಂದೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಎಂದಿದೆಯೇ ನೋಡಿ. ಗಿಡಮೂಲಿಕೆಯದೆಂದು ಮಾರುವ ಹಲವು ಪೇಸ್ಟುಗಳಲ್ಲಿ ಇದೇ ಇರುವುದಿಲ್ಲ. ಬ್ರಷ್ಷನ್ನು ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಎರಡೆರಡು ಹಲ್ಲಿನ ಮೇಲೆ ನಿಂತಲ್ಲೇ ಸಣ್ಣಗೆ ಅಲುಗಿಸಿ. ಒಟ್ಟು ಎರಡು ನಿಮಿಷ. ಪಾತ್ರೆ ತಿಕ್ಕಿದಂತೆ ಅಡ್ಡಡ್ಡ ಉಜ್ಜಿದರೆ ಒಸಡಿನ ಅಂಚಿನಲ್ಲಿ ಹಲ್ಲಿನ ಬುಡಕ್ಕೆ ಗೀರು ಬೀಳುತ್ತದೆ, ಇದ್ದಿಲು, ಉಪ್ಪು, ಇಟ್ಟಿಗೆ ಪುಡಿಯಿಂದಲೂ ಅದೇ ಗತಿ. ಕೊನೆಗೆ ನೊರೆ ಉಗಿದರೆ ಸಾಕು, ನೀರು ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಎರಡು ಹೊತ್ತಿನಲ್ಲಿ ರಾತ್ರಿಯದು ಮುಖ್ಯ, ನಿದ್ದೆಯಲ್ಲಿ ಜೊಲ್ಲು ಕಡಿಮೆ.

ಮುರುಗಲು ಶರಬತ್ತು, ಸೋಲ್ ಕಡಿ, ಅಪ್ಪೆಹುಳಿ ಕುಡಿದ ಕೂಡಲೇ ಮಾತ್ರ ಬ್ರಷ್ ಮಾಡಬೇಡಿ. ಹುಳಿಗೆ ಮೆತ್ತಗಾದ ಹೊರಪದರ ಬ್ರಷ್ಷಿಗೆ ಸವೆಯುತ್ತದೆ. ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಬಾಯಿಗೆ ಅಂಟುವ ಜೋನಿಬೆಲ್ಲವೂ ಸಕ್ಕರೆಯೇ, ಅದನ್ನು ಊಟದ ಜೊತೆಗೆ ಮುಗಿಸಿಬಿಡಿ.

ಹಲ್ಲು ನೋವಿಗೆ ತಂಬಾಕು ತುರುಕುವುದು, ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲಿಡುವುದು, ಲವಂಗದ ಎಣ್ಣೆ ಸುರಿಯುವುದು, ಎಲ್ಲವೂ ಒಸಡು ಸುಡುತ್ತವೆ. ನೋವು ತಾನಾಗಿ ನಿಂತಿತೆಂದರೆ ಒಳಗಿನ ನರ ಸತ್ತಿರಬಹುದು, ಹುಳುಕು ನಿಂತಿತೆಂದಲ್ಲ.

ಮಕ್ಕಳಿಗೆ ಮೊದಲ ಹಲ್ಲು ಬಂದಾಗಿನಿಂದ ಅಕ್ಕಿಕಾಳಿನಷ್ಟು ಪೇಸ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿಯಷ್ಟು. ಆರನೆಯ ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಮನೆಯವರು ಹಾಲುಹಲ್ಲೆಂದೇ ತಿಳಿಯುತ್ತಾರೆ, ಹುಳುಕಾದರೂ "ಬಿದ್ದುಹೋಗುತ್ತದೆ ಬಿಡಿ" ಎನ್ನುತ್ತಾರೆ. ಅದು ಜೀವನಪೂರ್ತಿ ಇರುವ ಹಲ್ಲು. ಮೂಡಿದ ಕೂಡಲೇ ಅದರ ಗೀರುಗಳಿಗೆ ಸೀಲೆಂಟ್ ಎಂಬ ತೆಳು ಲೇಪ ಹಾಕಿಸಿದರೆ ಹುಳುಕು ಹತ್ತುವುದು ಬಹಳ ಕಡಿಮೆ.

ಆಡುವಾಗ ಮುಂಬಲ್ಲು ಬೇರುಸಮೇತ ಕಿತ್ತುಬಂದರೆ, ಅದು ಹಾಲುಹಲ್ಲಲ್ಲವಾದರೆ, ಬಿಳಿಯ ತಲೆಯ ಕಡೆ ಮಾತ್ರ ಹಿಡಿದೆತ್ತಿ. ಬೇರನ್ನು ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೊಮ್ಮೆ ಅದ್ದಿ ಗುಳಿಯಲ್ಲಿ ಕೂರಿಸಿ, ಆಗದಿದ್ದರೆ ಒಂದು ಲೋಟ ತಣ್ಣನೆ ಹಾಲಿನಲ್ಲಿ ಹಾಕಿ. ಒಂದು ಗಂಟೆಯೊಳಗೆ ಡಾಕ್ಟರರ ಕೈಗೆ ಸಿಗಬೇಕು. ಘಟ್ಟದ ಹಳ್ಳಿಗಳಿಂದ ಹೊರಡುವವರು ಮೊದಲು ಫೋನ್ ಮಾಡಿ, ಡಾಕ್ಟರರು ಇದ್ದಾರೆಂದು ಖಚಿತ ಮಾಡಿಕೊಂಡೇ ವಾಹನ ಹತ್ತಿ.