ಟೊರಾಂಟೋ ತಮಿಳು ರೇಡಿಯೋದ ಕಂಪ್ಲೈಯನ್ಸ್ ಕೆಲಸ: ನನ್ನ ಅನುಭವ

ಟೊರಾಂಟೋದ ಒಂದು ಬಹುಭಾಷಾ ಎಫ್‌ಎಂ ಸ್ಟೇಷನ್ನಲ್ಲಿ ಕೆಲವು ವರ್ಷ ಕಂಪ್ಲೈಯನ್ಸ್ ನೋಡ್ಕೊಂಡೆ. ಅಂದ್ರೆ ಕೆನಡಾದ ಪ್ರಸಾರ ಆಯೋಗ ಸಿಆರ್‌ಟಿಸಿ ಲೈಸೆನ್ಸ್ ಕೊಡುವಾಗ ಹಾಕಿದ ಷರತ್ತುಗಳ ಪ್ರಕಾರ ಕಾರ್ಯಕ್ರಮ ಹೋಗ್ತಿದೆಯಾ ಅಂತ ಕಾಯೋದು. ನಮ್ಮಲ್ಲಿ ತಮಿಳಿಗೇ ಹೆಚ್ಚು ಗಂಟೆ, ನಾನು ಕೆಜಿಎಫ್‌ನೋನು, ಮನೇಲಿ ಕನ್ನಡ ಬೀದೀಲಿ ತಮಿಳು, ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಆದ್ರೆ ಅಲ್ಲಿನ ಕೇಳುಗರು ಬಹುಪಾಲು 1983ರಲ್ಲಿ ತಮಿಳರ ಮೇಲೆ ನಡೆದ ಗಲಭೆ ಆದ್ಮೇಲೆ ಶ್ರೀಲಂಕಾ ಬಿಟ್ಟು ಬಂದೋರು, ಟೊರಾಂಟೋದ ಪೂರ್ವ ಭಾಗ ಸ್ಕಾರ್ಬರೋ ಸುತ್ತಮುತ್ತ ಇರೋರು, ಅವರ ಜಾಫ್ನಾ ತಮಿಳು ಕಿವಿಗೆ ಹಿಡಿಯೋಕೆ ನನಗೆ ಟೈಮ್ ಬೇಕಾಯ್ತು.

ನಾನು ಬರೋಕೂ ಮುಂಚೆ ಅವರಿಗೆ ರೇಡಿಯೋ ಅಂದ್ರೆ ಎಸ್‌ಸಿಎಂಒ. ಮಾಮೂಲಿ ಎಫ್‌ಎಂ ಸ್ಟೇಷನ್ನಿನ ಸಿಗ್ನಲ್ ಒಳಗೇ ಇನ್ನೊಂದು ಸಣ್ಣ ಸಿಗ್ನಲ್ ಕಳಿಸ್ತಾರೆ, ಅದನ್ನ ಕೇಳೋಕೆ ಬೇರೆ ರಿಸೀವರ್ ಕೊಳ್ಳಬೇಕು, ಕಾರ್ ರೇಡಿಯೋದಲ್ಲಿ ಬರಲ್ಲ. ಆ ಡಬ್ಬಿ ಕೊಂಡು ಅಡುಗೆಮನೇಲಿ ಇಟ್ಕೊಂಡು ದಿನವಿಡೀ ಕೇಳಿದ ಜನ ಅವರು. 2003ರಲ್ಲಿ ಆಯೋಗ ಟೊರಾಂಟೋದಲ್ಲಿ ಮಾಮೂಲಿ ರೇಡಿಯೋದಲ್ಲೇ ಸಿಗೋ 101.3 ಎಫ್‌ಎಂಗೆ ಬಹುಭಾಷಾ ಲೈಸೆನ್ಸ್ ಕೊಟ್ಟಾಗ ಅವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ನನಗೆ ಆಮೇಲೆ ಅವರ ಬಾಯಲ್ಲೇ ಕೇಳಿ ಗೊತ್ತಾಯ್ತು.

ಲೆಕ್ಕದ ಭಾಗ ಬೇಗ ಹೇಳ್ಬಿಡ್ತೀನಿ. 1999ರ ಎತ್ನಿಕ್ ಪ್ರಸಾರ ನೀತಿ ಪ್ರಕಾರ ಇಂಥ ಸ್ಟೇಷನ್ ವಾರದ ಪ್ರಸಾರದಲ್ಲಿ ಕನಿಷ್ಠ 60% ವಲಸಿಗ ಸಮುದಾಯಗಳಿಗೆ ಮೀಸಲಿಡಬೇಕು, ಕನಿಷ್ಠ 50% ಇಂಗ್ಲಿಷ್ ಫ್ರೆಂಚ್ ಬಿಟ್ಟು ಬೇರೆ ಭಾಷೇಲಿರಬೇಕು. ವಾರ ಅಂದ್ರೆ ಬೆಳಿಗ್ಗೆ 6ರಿಂದ ಮಧ್ಯರಾತ್ರಿವರೆಗಿನ ಏಳು ದಿನ, ಒಟ್ಟು 126 ಗಂಟೆ. ರಾತ್ರಿ ಎರಡು ಗಂಟೆಗೆ ಎಷ್ಟೇ ತಮಿಳು ಹಾಕಿದ್ರೂ ಲೆಕ್ಕಕ್ಕಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಲಾಗ್‌ನಲ್ಲಿ, ಅಂದ್ರೆ ಪ್ರಸಾರದ ದಾಖಲೆಯಲ್ಲಿ, ಭಾಷೆ ಯಾವುದು, ಯಾವ ಸಮುದಾಯಕ್ಕೆ ಅಂತ ಕೋಡ್ ಹಾಕ್ಬೇಕು, ಆಡಿಯೋ ರೆಕಾರ್ಡಿಂಗ್ ನಾಲ್ಕು ವಾರ ಇಟ್ಕೊಂಡಿರಬೇಕು, ದೂರು ಬಂದ್ರೆ ಎಂಟು ವಾರ.

ನಿಜವಾದ ಕಷ್ಟ ಬೇರೆ ಕಡೆ. ಇಂಥ ಸ್ಟೇಷನ್‌ಗಳು ಏರ್‌ಟೈಮನ್ನ ಹೊರಗಿನ ನಿರ್ಮಾಪಕರಿಗೆ ಮಾರೋದುಂಟು, ಅವರೇ ಜಾಹೀರಾತು ಹುಡುಕ್ತಾರೆ, ಅವರೇ ಮಾತಾಡ್ತಾರೆ, ಲೈಸೆನ್ಸ್ ಇರೋರಿಗೆ ಆ ಭಾಷೆ ಒಂದಕ್ಷರ ಬರಲ್ಲ. ಆದ್ರೆ ಮೈಕಲ್ಲಿ ಏನೇ ಹೋದ್ರೂ ಆಯೋಗದ ಮುಂದೆ ನಿಲ್ಲಬೇಕಾದೋರು ಲೈಸೆನ್ಸ್ ಇರೋರೇ. ದೂರು ಬಂದ್ಮೇಲೆ ಯಾರಿಗೋ ದುಡ್ಡು ಕೊಟ್ಟು ಅನುವಾದ ಮಾಡಿಸಿ ಓದೋದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ, ಕಾಗದದ ಮೇಲೆ ದನಿ ಬರಲ್ಲ, ದುಃಖದಲ್ಲಿ ಆಡಿದ ಮಾತೂ ದ್ವೇಷದಲ್ಲಿ ಆಡಿದ ಮಾತೂ ಅಲ್ಲಿ ಒಂದೇ ಥರ ಕಾಣತ್ತೆ. ಹಾಗಾಗಿ ನಾನು ಲೈವ್ ಕೇಳೋಕೆ ಶುರು ಮಾಡ್ದೆ, ಮರಣ ಪ್ರಕಟಣೆ ಸಮೇತ, ಅದನ್ನಂತೂ ಜನ ಎಲ್ಲ ಕೆಲಸ ಬಿಟ್ಟು ಕೇಳ್ತಿದ್ರು. ಸಮುದಾಯದಲ್ಲೇ ಇಬ್ಬರು ನಿವೃತ್ತ ಮೇಷ್ಟ್ರನ್ನ ಕೇಳ್ಕೊಂಡೆ, ನಿಮಗೆ ಮುಜುಗರ ಆಗೋ ಮಾತು ಕಿವಿಗೆ ಬಿದ್ರೆ ಅವತ್ತೇ ಫೋನ್ ಮಾಡಿ ಅಂತ.

ಇದು ಎಷ್ಟು ಬೇಕಿತ್ತು ಅಂತ 2009ರಲ್ಲಿ ಗೊತ್ತಾಯ್ತು. ಶ್ರೀಲಂಕಾದ ಉತ್ತರದ ವನ್ನಿಯಲ್ಲಿ ಸೇನೆಗೂ ಎಲ್‌ಟಿಟಿಇಗೂ ನಡೀತಿದ್ದ ಯುದ್ಧ ಕೊನೆ ಹಂತಕ್ಕೆ ಬಂದಿತ್ತು, ಫೋನ್-ಇನ್‌ನಲ್ಲಿ ಜನ ಅಳ್ತಿದ್ರು, ಅಕ್ಕ ಎಲ್ಲಿದ್ದಾಳೆ ಗೊತ್ತಿಲ್ಲ, ಮಗನ ಸುದ್ದಿ ಇಲ್ಲ ಅಂತ. ಕೆನಡಾ 2006ರಲ್ಲೇ ಎಲ್‌ಟಿಟಿಇನ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತ್ತು. ಮೇ 10ರಂದು ಯುದ್ಧದ ವಿರುದ್ಧ ಪ್ರತಿಭಟನೆ ಮಾಡ್ತಿದ್ದ ತಮಿಳರು ಟೊರಾಂಟೋದ ಗಾರ್ಡಿನರ್ ಹೈವೇ ಮೇಲೇ ಹತ್ತಿ ಕೂತ್ರು. ಫೋನ್-ಇನ್ ನಿಲ್ಲಿಸಿಬಿಡೋಣ ಅಂತ ಮ್ಯಾನೇಜ್‌ಮೆಂಟಲ್ಲಿ ಮಾತು ಬಂತು. ನಾನು ಬೇಡ ಅಂದೆ. ನಿರೂಪಕರ ಜೊತೆ ಕೂತು ಒಂದೇ ಪುಟದ ನಿಯಮ ತಮಿಳಲ್ಲೇ ಬರೆಸಿದ್ವಿ: ಸರ್ಕಾರಗಳನ್ನ, ಯಾವ ದೇಶದ್ದೇ ಆಗ್ಲಿ, ಎಷ್ಟು ಬೇಕಾದ್ರೂ ಬೈಯಿರಿ, ಸಿಂಹಳೀಯರನ್ನ ಒಂದು ಜನಾಂಗ ಅಂತ ಹಳಿಯೋ ಹಾಗಿಲ್ಲ, ನೋಂದಾಯಿತ ಚಾರಿಟಿ ಬಿಟ್ಟು ಬೇರೆ ಯಾರಿಗೂ ದುಡ್ಡು ಕೇಳೋ ಹಾಗಿಲ್ಲ, ಕರೆಗಳು ಕೆಲವು ಸೆಕೆಂಡ್ ತಡವಾಗಿ ಪ್ರಸಾರ ಆಗ್ಬೇಕು. ಹಿರಿಯ ನಿರೂಪಕರೊಬ್ರು ಓದಿ ಕೇಳಿದ್ದು ಒಂದೇ ಪ್ರಶ್ನೆ, "ತಂಬಿ, ಅಳೋದಕ್ಕೆ ಏನೂ ರೂಲ್ ಇಲ್ಲ ತಾನೇ?" ಇಲ್ಲ ಅಣ್ಣಾ ಅಂದೆ.

ಸಾರ್ವಜನಿಕ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯ ಕೇಳುಗರಿಗೆ ಸಿಗಬೇಕು ಅಂತ ಪ್ರಸಾರ ಕಾಯ್ದೆ ಹೇಳತ್ತೆ. ಇದು ನಮಗೆ ತುಂಬ ಕಷ್ಟ ಆಯ್ತು. ಎಲ್‌ಟಿಟಿಇನ ಟೀಕೆ ಮಾಡೋ ತಮಿಳರೂ ಇದ್ರು, ಆದ್ರೆ ಹೆಸರು ಹೇಳ್ಕೊಂಡು ಮೈಕ್ ಮುಂದೆ ಬರೋಕೆ ಹೆದರ್ತಿದ್ರು. ನಿರೂಪಕರೇ ಆ ವಾದಾನ ಪ್ರಾಮಾಣಿಕವಾಗಿ ಮುಂದಿಟ್ಟು ಉತ್ತರ ಕೇಳೋ ಪದ್ಧತಿ ತಂದ್ವಿ. ಸಾಕಾಗಿತ್ತು ಅಂತ ಹೇಳಲ್ಲ, ಆದ್ರೂ ಆ ವಾದ ರೇಡಿಯೋದಲ್ಲಿ ಕೇಳಿಸ್ತು.

ಮನಸ್ಸಿಗೆ ಖುಷಿ ಕೊಟ್ಟಿದ್ದು ಹಾಡಿನ ನಿಯಮ. ನಾನಿದ್ದಾಗ ಎತ್ನಿಕ್ ಕಾರ್ಯಕ್ರಮಗಳಲ್ಲಿ ಹಾಕೋ ಹಾಡಲ್ಲಿ ಕನಿಷ್ಠ 7% ಕೆನಡಾದ್ದಿರಬೇಕಿತ್ತು. ಸಂಗೀತ, ಕಲಾವಿದರು, ರೆಕಾರ್ಡಿಂಗ್, ಸಾಹಿತ್ಯ ಈ ನಾಲ್ಕರಲ್ಲಿ ಎರಡು ಕೆನಡಾದ್ದಾದ್ರೆ ಸಾಮಾನ್ಯವಾಗಿ ಪಾಸ್ ಆಗ್ತಿತ್ತು. ಚೆನ್ನೈ ಸಿನಿಮಾ ಹಾಡು ಎಷ್ಟೇ ಹಿಟ್ ಆದ್ರೂ ಇಲ್ಲಿ ಉಪಯೋಗಕ್ಕೆ ಬರ್ತಿರಲಿಲ್ಲ. ಆದ್ರೆ ಸ್ಕಾರ್ಬರೋ ಹುಡುಗಿ ಇಲ್ಲೇ ಸ್ಟುಡಿಯೋದಲ್ಲಿ ಹಾಡಿದ್ರೆ ಸೈ, ಸಿಟಿಜನ್ ಆಗಿರಲೇಬೇಕು ಅಂತಿರಲಿಲ್ಲ, ಪಿಆರ್, ಅಂದ್ರೆ ಕೆನಡಾದಲ್ಲಿ ಕಾಯಂ ಇರೋ ಅನುಮತಿ, ಇದ್ರೂ ಸಾಕಿತ್ತು. ಲೋಕಲ್ ಮಕ್ಕಳ ಹಾಡು, ರ‍್ಯಾಪ್, ಭಕ್ತಿಗೀತೆ ಎಲ್ಲ ಹುಡುಕಿ ಒಂದು ಪಟ್ಟಿ ಮಾಡಿದ್ವಿ, ಮೊದಲು ಗೊಣಗಿದ ನಿರ್ಮಾಪಕರೇ ಆಮೇಲೆ ಹೊಸ ಹಾಡು ತಂದು ಕೊಡ್ತಿದ್ರು.

ಈಗ ಕನ್ನಡದೋರೂ ಅರ್ಧ ಗಂಟೆ ಸ್ಲಾಟ್ ತಗೋಬೇಕು ಅಂತ ನನ್ನನ್ನ ಕೇಳ್ತಾರೆ. ಅವರಿಗೆ ನಾನು ಹೇಳೋದು: ರೇಟ್ ಮಾತಾಡೋಕೆ ಮುಂಚೆ "ನಮ್ಮ ಕಾರ್ಯಕ್ರಮಾನ ನಿಮ್ಮ ಕಡೆಯಿಂದ ಯಾರು ಕೇಳ್ತಾರೆ, ಅವರಿಗೆ ಕನ್ನಡ ಬರತ್ತಾ" ಅಂತ ಸ್ಟೇಷನ್‌ನೋರನ್ನ ಕೇಳಿ, ಯಾರೂ ಇಲ್ಲ ಅಂದ್ರೆ ಒಬ್ಬರನ್ನ ನೀವೇ ಹುಡುಕಿ ಕೊಡಿ, ಲಾಗ್ ಪ್ರತಿ ನಿಮ್ಮ ಹತ್ರಾನೂ ಒಂದು ಇಟ್ಕೊಳ್ಳಿ.