ಕೆರೆ ಏರಿ ರಸ್ತೆ ಮುಚ್ಚಿಸ್ಬೇಕಾ? ಅರ್ಜಿ ಬರೆಯೋಕ್ ಮುಂಚೆ ಇಷ್ಟು ಮಾಡಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ, ಲಾಯರೂ ಅಲ್ಲ, ಮೈಸೂರಲ್ಲಿ ಕೆರೆ ಪಕ್ಕದ ಒಂದು ಬಡಾವಣೆಲಿ ಇರೋನು ಅಷ್ಟೆ. ಯಾವ ಕೆರೆ ಅಂತ ಬರೆಯಲ್ಲ, ಬರೆದ್ರೆ ಆರಿರೋ ಜಗಳ ಮತ್ತೆ ಹತ್ಕೊಳ್ಳುತ್ತೆ, ಗೊತ್ತಿರೋರಿಗೆ ಗೊತ್ತಾಗುತ್ತೆ ಬಿಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಸಾಲುಮರ, ಮಧ್ಯೆ ಒಂಚೂರೂ ತಿರುವಿಲ್ಲದ ರಸ್ತೆ, ಅದಕ್ಕೆ ಹೊಸ ಡಾಂಬರು ಬೇರೆ. ಬೆಳಿಗ್ಗೆ ವಾಕಿಂಗ್‌ನೋರು, ಸಂಜೆ ಮುಸುಕಿನ ಜೋಳ ಚುರ್ಮುರಿ ಗಾಡಿ, ರಾತ್ರಿ ಹತ್ತೂವರೆ ಆದ್ಮೇಲೆ ಸೈಲೆನ್ಸರ್ ಬಿಚ್ಚಿದ ಬೈಕುಗಳು, ವೀಲಿಂಗು, ಯಾರು ಮೊದ್ಲು ಆ ತುದಿ ಮುಟ್ತಾರೆ ಅನ್ನೋ ಪಂದ್ಯ. ವಾಕಿಂಗ್ ಗುಂಪು "ರೋಡೇ ಮುಚ್ಚಿಬಿಡಿ" ಅಂತು, ಆಚೆ ಬಡಾವಣೆಯೋರು "ನಾವೇನ್ ಹಾರ್ಕೊಂಡ್ ಮನೆಗೆ ಹೋಗೋಣ್ವಾ" ಅಂದ್ರು, ಎರಡು ಕಡೆಯೋರೂ ಸಹಿ ಸಂಗ್ರಹ ಮಾಡಿ ಎರಡು ಅರ್ಜಿ ಕೊಟ್ಟ್ವಿ, ಎರಡೂ ಒಂದೇ ಫೈಲಿಗೆ ಹೋಗಿ ಒಂದ್ರ ಮೇಲೊಂದು ಮಲ್ಕೊಂಡ್ವು. "ಶಾಶ್ವತವಾಗಿ ಮುಚ್ಚಿ" ಅಂತ ಬರೆದಿದ್ದೇ ನಮ್ಮ ತಪ್ಪು. ನೀವು ಅದೇ ತಪ್ಪು ಮಾಡ್ಬೇಡಿ ಅಂತ ಇದನ್ನ ಬರೀತಿದೀನಿ.

ಮೊದಲ ಕೆಲಸ ಸ್ಪೀಡ್ ಅಳೆಯೋದು. "ತುಂಬಾ ಸ್ಪೀಡಾಗಿ ಹೋಗ್ತಾರೆ ಸಾರ್" ಅನ್ನೋ ಮಾತು ಕೇಳಿ ಕೇಳಿ ಪೊಲೀಸ್ನೋರ ಕಿವಿ ತೂತಾಗಿದೆ, ನಂಬರ್ ಕೊಟ್ರೆ ಮಾತ್ರ ತಲೆ ಎತ್ತಿ ನೋಡ್ತಾರೆ. ಟೇಪ್ ಹಿಡಿದು ರಸ್ತೆ ಅಂಚಲ್ಲಿ 50 ಮೀಟರ್ ಅಳೀರಿ (ಹಗಲು ಹೊತ್ತು, ಪುಣ್ಯಾತ್ಮರೇ, ರಾತ್ರಿ ಅಲ್ಲ), ಎರಡು ತುದೀಲೂ ಲೈಟ್ ಕಂಬನೋ ಮರನೋ ಗುರುತು ಇಟ್ಕೊಳಿ. ಗಾಡಿ ಮೊದಲ ಗುರುತು ದಾಟಿದಾಗ ಫೋನಲ್ಲಿ ಸ್ಟಾಪ್‌ವಾಚ್ ಒತ್ತಿ, ಎರಡನೇದು ದಾಟಿದಾಗ ನಿಲ್ಸಿ. 180ನ್ನ ಆ ಸೆಕೆಂಡಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬಂದ್ಬಿಡುತ್ತೆ. 6 ಸೆಕೆಂಡ್ ತಗೊಂಡ್ರೆ 30, ನಾಲ್ಕೂವರೆ ಆದ್ರೆ 40, 3 ಆದ್ರೆ 60, ಎರಡೂಕಾಲಾದ್ರೆ 80. ಕೈ ತಡವಾಗುತ್ತೆ ಅನ್ನೋ ಅನುಮಾನ ಇದ್ರೆ ಪಕ್ಕದಿಂದ ವಿಡಿಯೋ ತೆಗೆದು ಆಮೇಲೆ ಮನೇಲಿ ನಿಧಾನಕ್ಕೆ ನೋಡಿ ಲೆಕ್ಕ ಹಾಕಿ, ಇನ್ನೂ ಪಕ್ಕಾ ಇರುತ್ತೆ. ನೂರು ಗಾಡಿ ಆದ್ಮೇಲೆ ಕಮ್ಮಿ ಸ್ಪೀಡಿಂದ ಜಾಸ್ತಿಗೆ ಸಾಲಾಗಿ ಬರೆದು 85ನೇದು ಯಾವುದು ನೋಡಿ. ರಸ್ತೆ ಇಂಜಿನಿಯರ್‌ಗಳು ನೋಡೋದು ಆ ನಂಬರನ್ನೇ, ಸರಾಸರಿ ಅಲ್ಲ. ಜೊತೆಗೆ ಟೈಮು, ಯಾವ ಗಾಡಿ, ಯಾವ ದಿಕ್ಕು ಅಂತನೂ ಬರ್ಕೊಳಿ.

ನಮ್ಮಲ್ಲಿ ಒಬ್ರು ರಿಟೈರ್ಡ್ ಗಣಿತದ ಮೇಷ್ಟ್ರು ಕಟ್ಟೆ ಮೇಲೆ ಕುಂತ್ಕೊಂಡು ಮೂರು ರಾತ್ರಿ ಈ ಕೆಲಸ ಮಾಡಿದ್ರು, ಪುಸ್ತಕ ತೆಗೆದು ನೋಡಿದ್ರೆ ನಾವು ಬೈತಿದ್ದಿದ್ದು ಅರ್ಧ ಸರಿ ಅರ್ಧ ತಪ್ಪು. ಸದ್ದು ಮಾಡ್ತಿದ್ದೋರು ಬೈಕ್ ಹುಡುಗ್ರೇ ನಿಜ, ಆದ್ರೆ ಸದ್ದಿಲ್ದೆ ಅಷ್ಟೇ ಜೋರಾಗಿ ಹೋಗ್ತಿದ್ದೋರು ಕಾರಲ್ಲಿ ಮನೆಗೆ ಹೋಗೋ ನಮ್ಮೋರೇ, ಅದ್ರಲ್ಲಿ ಸಹಿ ಹಾಕಿದ್ದೋರೂ ಇದ್ರು ಅಂತ ಮೇಷ್ಟ್ರು ನಕ್ಕರು. ಇನ್ನೊಂದು ವಿಷ್ಯ, ಸಂಜೆ ಜನ ಇರೋ ಹೊತ್ತಲ್ಲಿ ಯಾರೂ ಸ್ಪೀಡಾಗಿ ಹೋಗೋಕಾಗ್ತಿರ್ಲಿಲ್ಲ, ತೊಂದ್ರೆ ಎಲ್ಲಾ ರಾತ್ರಿ ಹತ್ತೂವರೆಯಿಂದ ಮಧ್ಯರಾತ್ರಿ ದಾಟಿ ಒಂದು ಗಂಟೆ ತನಕ. ಹಂಗಿದ್ಮೇಲೆ ಇಡೀ ದಿನ ಯಾಕ್ ಮುಚ್ಬೇಕು? ಇದೊಂದೇ ಪ್ರಶ್ನೆ ನಮ್ಮ ಜಗಳನ ಅರ್ಧ ಇಳಿಸ್ತು.

ಸ್ಪೀಡ್ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ್ಮೇಲೆ ಗಾಡಿ ಜಾರೋ ದೂರ ನಾಲ್ಕು ಪಟ್ಟಾಗುತ್ತೆ, 40ರಲ್ಲಿ ಹೋಗೋನು ನಿಲ್ಲೋ ಜಾಗದಲ್ಲಿ 80ರೋನು ನಿಲ್ಲಲ್ಲ. ಸಭೇಲಿ "ಒಂಚೂರು ಸ್ಪೀಡ್ ಹೋದ್ರೆ ಏನಾಯ್ತು" ಅನ್ನೋರಿಗೆ ಇದನ್ನ ಹೇಳಿ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆ 1988ರಲ್ಲಿ 115ನೇ ಸೆಕ್ಷನ್ ಓದಿ, ಚಿಕ್ಕದೇ ಇದೆ. ಸಾರ್ವಜನಿಕರ ಸುರಕ್ಷತೆಗೆ ಬೇಕು ಅನ್ಸಿದ್ರೆ ಸರ್ಕಾರನೋ ಅದು ಅಧಿಕಾರ ಕೊಟ್ಟಿರೋರೋ ಒಂದು ರಸ್ತೇಲಿ ವಾಹನ ನಿಷೇಧ ಮಾಡ್ಬೋದು, ಇಲ್ಲಾಂದ್ರೆ ಇಷ್ಟು ಹೊತ್ತು ಇಂಥ ವಾಹನ ಅಂತ ಮಿತಿ ಹಾಕ್ಬೋದು. ಮಾಮೂಲಿಗೆ ಗೆಜೆಟ್‌ನಲ್ಲಿ ಬರ್ಬೇಕು, ಆದ್ರೆ ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಬೇಡ, ಊರಲ್ಲಿ ಪ್ರಚಾರ ಕೊಟ್ರೆ ಸಾಕು ಅಂತ ಅದ್ರಲ್ಲೇ ಇದೆ. ನಿಮ್ಮ ಅರ್ಜಿ ನಿಂತ್ಕೋಬೇಕಾಗಿರೋದು ಈ ಒಂದು ತಿಂಗಳ ಮೇಲೆ. ಶಾಶ್ವತ ಅಂದ್ರೆ ಯಾವ ಅಧಿಕಾರಿನೂ ಕೈ ಹಾಕಲ್ಲ, ಒಂದು ತಿಂಗಳು ಟ್ರಯಲ್ ಅಂದ್ರೆ ಸರಿಹೋಗಿಲ್ಲಾಂದ್ರೆ ತೆಗೆದು ಹಾಕ್ಬೋದಲ್ಲ ಅನ್ನೋ ಧೈರ್ಯ ಎಲ್ಲರಿಗೂ ಇರುತ್ತೆ, ವಿರೋಧ ಮಾಡೋರಿಗೂ.

"ರೋಡ್ ಮುಚ್ಚೋದು ಎಲ್ಲಾದ್ರೂ ಉಂಟಾ" ಅಂತ ಕೇಳೋರಿಗೆ ಮೈಸೂರನ್ನೇ ತೋರಿಸಿ. ದಸರಾ ಬಂದ್ರೆ ಅರಮನೆ ಸುತ್ತ ಒನ್‌ವೇ, ಗಾಡಿ ನಿಷೇಧ ಎಲ್ಲಾ ಪೊಲೀಸ್ ಕಮಿಷನರ್ ಆದೇಶದಲ್ಲೇ ಆಗುತ್ತೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ, ಲಲಿತಮಹಲ್ ಹತ್ರ ನಿಲ್ಸಿ ಬಸ್ಸಲ್ಲಿ ಹೋಗ್ತೀವಿ, ಬೈಕೊಂಡಾದ್ರೂ ಹೋಗ್ತೀವಿ. ಪುದುಚೇರಿಗೆ ಹೋಗಿರೋರು ಸಮುದ್ರದ ಪಕ್ಕದ ಬೀಚ್ ರೋಡ್ ನೋಡಿರ್ತೀರ, ಅಲ್ಲಿ ಸಂಜೆ 6ರಿಂದ ಬೆಳಿಗ್ಗೆ 7.30ರ ತನಕ ವಾಹನ ಇಲ್ಲ, ಜನ ರಸ್ತೆ ಮಧ್ಯದಲ್ಲೇ ಓಡಾಡ್ಕೊಂಡಿರ್ತಾರೆ. ಆದ್ರೆ ಅದನ್ನ ಹಂಗೇ ಇಲ್ಲಿಗೆ ತಂದು ಅಂಟಿಸ್ಬೇಡಿ. ಅಲ್ಲಿ ಹಿಂದುಗಡೆ ಚೌಕುಳಿ ಹಾಕ್ದಂಗೆ ಸಾಲು ಸಾಲು ರಸ್ತೆ ಇದೆ, ಗಾಡಿ ಹೋಗೋಕೆ ದಾರಿ ಇದೆ. ನಮ್ಮ ಕೆರೆ ಏರಿಗೆ ಬದಲಿ ಅಂದ್ರೆ ಸ್ಕೂಲ್ ಮುಂದಿನ ಒಂದು ಕಿರಿದಾದ ಕ್ರಾಸ್ ಅಷ್ಟೆ. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೈವೇ ಮೇನ್ ರೋಡಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ನಿಲ್ಸಿದ್ರಲ್ಲ, ಆಗ ಮಂಡ್ಯ ಕಡೆಯೋರು ಕೇಳಿದ್ದೂ ಇದನ್ನೇ, ಮುಚ್ಚೋದು ಸರಿ ಪಕ್ಕದ ಸರ್ವಿಸ್ ರೋಡ್ ನೆಟ್ಟಗಿದೆಯಾ ಅಂತ. ಅದಕ್ಕೇ ಬದಲಿ ರಸ್ತೇಲೂ ಅದೇ 50 ಮೀಟರ್ ಅಳತೆ ಮಾಡಿ, ಮುಚ್ಚೋಕ್ ಮುಂಚೆ ಒಂದ್ಸಲ, ಮುಚ್ಚಿದ ಮೇಲೆ ಒಂದ್ಸಲ. ಇಲ್ಲಾಂದ್ರೆ ನಮ್ಮ ಮನೆ ಮುಂದಿನ ಪೀಡೆ ಪಕ್ಕದ ಬೀದಿಗೆ ಹೋಗಿರುತ್ತೆ, ನಾವು ಗೆದ್ವಿ ಅಂತ ಸಿಹಿ ಹಂಚ್ತಿರ್ತೀವಿ.

ವಿರೋಧ ಮಾಡೋರ ಹತ್ರ ಹೋಗಿ ಮಾತಾಡಿ, ವಾಟ್ಸಾಪ್‌ನಲ್ಲಿ ಅಲ್ಲ, ಮನೆಗೇ ಹೋಗಿ. ಜೋಳದ ಗಾಡಿಯಣ್ಣ ನನಗೆ ಹೇಳಿದ್ದು, "ಸಾರ್, ಒಂಬತ್ತೂವರೆಗೆ ನಾನೇ ಕೆಂಡ ಆರಿಸ್ಕೊಂಡು ಹೊಂಟೋಯ್ತೀನಿ, ನೀವು ಹತ್ತಕ್ಕೆ ಮುಚ್ಕೊಳಿ, ನಂಗೇನು? ಗಾಡಿ ಎತ್ತುಸ್ಬಿಡ್ತೀರ ಅಂತ ನಾನು ಸಹಿ ಹಾಕಿದ್ದು." ಆಚೆ ಬಡಾವಣೆಯ ಒಬ್ಬ ಅಕ್ಕನ ಭಯ ಬೇರೆ, ಅವರ ಅತ್ತೆಗೆ ಉಸಿರಾಟದ ತೊಂದ್ರೆ, ರಾತ್ರಿ 108 ಬಂದ್ರೆ ಬ್ಯಾರಿಕೇಡ್ ತೆಗೆಯೋರು ಯಾರು ಅಂತ. ಇದಕ್ಕೆ ಉತ್ತರ ಇಲ್ದೆ ಅರ್ಜಿ ಕೊಡೋ ಹಕ್ಕೇ ನಮಗಿಲ್ಲ ಅಂತ ಅವತ್ತು ಅನಿಸ್ತು. ಸರಪಳಿ ಬೀಗ ಬೇಡ, ಬೀಗದ ಕೈ ಯಾವಾಗ್ಲೂ ಮಲಗಿರೋನ ಹತ್ರನೇ ಇರುತ್ತೆ. ಚಕ್ರ ಇರೋ, ಒಬ್ರೇ ತಳ್ಳೋಕಾಗೋ ಬ್ಯಾರಿಕೇಡ್, ಪಕ್ಕದಲ್ಲಿ ಒಬ್ಬ ಹೋಮ್‌ಗಾರ್ಡ್, ಇಷ್ಟು ಕೇಳಿ. ಸೆಕೆಂಡ್ ಶಿಫ್ಟ್ ಮುಗಿಸಿ ಮೇಟಗಳ್ಳಿ, ಹೆಬ್ಬಾಳದ ಫ್ಯಾಕ್ಟರಿಗಳ ಕಡೆಯಿಂದ ಬರೋರಿಗೂ ಬದಲಿ ದಾರಿ ಬೋರ್ಡು ದೂರದಲ್ಲೇ ಇರ್ಬೇಕು, ಬ್ಯಾರಿಕೇಡ್ ಮೂತಿಗೆ ಬಂದು ವಾಪಸ್ ತಿರುಗೋಹಂಗೆ ಮಾಡ್ಬಾರ್ದು. ಹೊಳೆಯೋ ಸ್ಟಿಕರ್, ಲೈಟು ಇಲ್ದೆ ಕತ್ತಲಲ್ಲಿ ನಿಲ್ಸಿದ ಬ್ಯಾರಿಕೇಡ್ ಇದೆಯಲ್ಲ, ಅದೇ ಒಂದು ಆಕ್ಸಿಡೆಂಟು.

ಮತ್ತೆ ಎಲ್ಲರೂ ಮರೆಯೋದು, ಬ್ಯಾರಿಕೇಡ್ ಕಾರ್ ನಿಲ್ಸುತ್ತೆ, ಬೈಕ್ ನಿಲ್ಸಲ್ಲ, ಒಂದು ಮೊಳ ಸಂದಿ ಸಿಕ್ರೆ ಸಾಕು ತೂರಿ ಹೋಗ್ತಾರೆ. ಆಮೇಲೆ ಖಾಲಿ ರಸ್ತೆ, ಎದುರಿಗೆ ಕಾರೂ ಬರಲ್ಲ, ಇನ್ನೇನ್ ಬೇಕು ಅವರಿಗೆ? ಹಂಗಾಗಿ ಮಧ್ಯೆ ಹಂಪ್ ಇರ್ಲೇಬೇಕು. ಹಂಪ್ ಅಂದ್ರೆ ನಮ್ಮೂರಲ್ಲಿ ರಾತ್ರೋರಾತ್ರಿ ಎದ್ದೇಳೋ ಸೊಂಟ ಮುರಿಯೋ ದಿಬ್ಬ ಅಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಇದೆ, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25ರ ಸ್ಪೀಡಲ್ಲಿ ಆರಾಮಾಗಿ ದಾಟೋ ಥರ. ಅರ್ಜೀಲಿ ಆ ಅಳತೆನೇ ಬರೀರಿ, ಬಿಳಿ ಪಟ್ಟೆ ಮತ್ತು ಮುಂಚಿತ ಬೋರ್ಡ್ ಸಮೇತ. ನನ್ನ ಕೇಳಿದ್ರೆ ಸರಿಯಾದ ನಾಲ್ಕು ಹಂಪ್ ಬಿದ್ರೆ ರಸ್ತೆ ಮುಚ್ಚೋ ಮಾತೇ ಬೇಕಾಗಲ್ಲ, ಆದ್ರೆ ವಾಕಿಂಗ್ ಗುಂಪಲ್ಲಿ ಇದನ್ನ ಜೋರಾಗಿ ಹೇಳೋ ಧೈರ್ಯ ನನಗಿನ್ನೂ ಬಂದಿಲ್ಲ.

ಅರ್ಜಿ ಯಾರಿಗೆ? ಇಲ್ಲಿ ಜನ ತುಂಬಾ ಅಲೀತಾರೆ. ಕೆರೆ ಯಾರದ್ದೋ ರಸ್ತೆನೂ ಅವರದ್ದೇ ಅಂದ್ಕೋಬೇಡಿ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ ಕೈಲಿದೆ, ಕಾರಂಜಿ ಕೆರೆ ಮೃಗಾಲಯದೋರ ಕೈಲಿ, ಲಿಂಗಾಂಬುಧಿ ಅರಣ್ಯ ಇಲಾಖೆ ಕೈಲಿ, ಆದ್ರೆ ಪಕ್ಕದ ರಸ್ತೆ ಪಾಲಿಕೆದೋ ಪಿಡಬ್ಲ್ಯೂಡಿದೋ ಇರ್ಬೋದು. ಗೊತ್ತಾಗ್ಲಿಲ್ಲಾಂದ್ರೆ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದೊಳಗೆ ಉತ್ತರ ಕೊಡ್ಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ, 150 ಪದದೊಳಗೆ, ಹಂಗಾಗಿ ಪುರಾಣ ಬರೀಬೇಡಿ. ಗಾಡಿ ನಿಲ್ಸೋ ಆದೇಶಕ್ಕೆ ಪೊಲೀಸ್ ಕಮಿಷನರ್, ಹಂಪು ಬೋರ್ಡಿಗೆ ರಸ್ತೆ ಯಾರದ್ದೋ ಅವರು, ಒಂದು ಪ್ರತಿ ಜಿಲ್ಲಾಧಿಕಾರಿಗೆ, ಯಾಕಂದ್ರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು, ಪೊಲೀಸ್, ಆರ್‌ಟಿಓ, ಪಿಡಬ್ಲ್ಯೂಡಿ ಎಲ್ಲರೂ ಒಂದೇ ಮೇಜಲ್ಲಿ ಸಿಗೋದು ಅಲ್ಲೇ. ನಾವು ಎರಡನೇ ಸಲ ಬರೆದಿದ್ದು ಹಿಂಗೆ:

"ಸದರಿ ರಸ್ತೆಯಲ್ಲಿ ರಾತ್ರಿ 10.30ರಿಂದ ಬೆಳಗಿನ ಜಾವ 4ರವರೆಗೆ ಪ್ರಾಯೋಗಿಕವಾಗಿ 30 ದಿನಗಳ ಕಾಲ ವಾಹನ ಸಂಚಾರ ನಿರ್ಬಂಧಿಸಬೇಕೆಂದು ಕೋರುತ್ತೇವೆ. ಆಂಬುಲೆನ್ಸ್, ಅಗ್ನಿಶಾಮಕ ಮತ್ತು ಪೊಲೀಸ್ ವಾಹನಗಳಿಗೆ ವಿನಾಯಿತಿ ಇರಲಿ. ನಾವು ಅಳೆದ ವೇಗದ ವಿವರ, ಬದಲಿ ಮಾರ್ಗದ ನಕ್ಷೆ ಲಗತ್ತಿಸಿದೆ. 30 ದಿನಗಳ ನಂತರ ಎರಡೂ ರಸ್ತೆಗಳ ವೇಗವನ್ನು ಮತ್ತೆ ಅಳೆದು, ಎರಡೂ ಬಡಾವಣೆಯವರ ಸಮ್ಮುಖದಲ್ಲಿ ಮುಂದಿನ ತೀರ್ಮಾನ ಕೈಗೊಳ್ಳಬೇಕು."

ಬಡಾವಣೆ ಎರಡರಿಂದಲೂ ಸಹಿ ಇರ್ಲಿ, ಆಫೀಸಿನ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ಇನ್ವರ್ಡ್ ನಂಬರ್, ಸೀಲ್ ಹಾಕಿಸ್ಕೊಂಡೇ ಬನ್ನಿ. "ಇಟ್ಟೋಗಿ ಸಾರ್, ನೋಡ್ತೀವಿ" ಅಂದ್ರೆ ನಗ್ತಾ ಅಲ್ಲೇ ನಿಂತ್ಕೊಳಿ.

ಕಾಯೋ ಹೊತ್ತಲ್ಲಿ ಹುಡುಗರನ್ನ ಅಡ್ಡ ಹಾಕೋದು, ಕೀ ಕಿತ್ಕೊಳೋದು, ಮುಖ ವಿಡಿಯೋ ಮಾಡಿ ಗ್ರೂಪಿಗೆ ಬಿಡೋದು ಮಾಡ್ಬೇಡಿ. ಗಾಡಿ ನಂಬರ್ ಸಿಕ್ರೆ ಟ್ರಾಫಿಕ್ ಸ್ಟೇಷನ್ನಿಗೆ ಕೊಡಿ, ಆ ಕ್ಷಣದಲ್ಲಿ ಅಪಾಯ ಅನ್ಸಿದ್ರೆ 112. ಅದೇ ಬೀದಿ ಹುಡುಗ ಹದಿನೆಂಟು ತುಂಬದೋನು ಅಂತ ಗೊತ್ತಿದ್ರೆ ಅವರಪ್ಪನ ಹತ್ರ ಅದೇ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಬಗ್ಗೆ ಹೇಳಿ, ಮಗ ಗಾಡಿ ಓಡ್ಸಿ ಸಿಕ್ಕಿಬಿದ್ರೆ ಅಪ್ಪನಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. ನಾನು ಒಬ್ರಿಗೆ ಹೇಳ್ದೆ, ಮಾರನೇ ದಿನದಿಂದ ಆ ಬೈಕು ಮನೆ ಒಳಗೇ ಹೊದ್ಕೊಂಡು ನಿಂತಿದೆ.

ನಮ್ಮ ಎರಡನೇ ಅರ್ಜಿಗೆ ಸೀಲ್ ಬಿದ್ದಿದೆ, ಸ್ಥಳ ನೋಡೋಕೆ ಬರ್ತೀವಿ ಅಂದಿದಾರೆ. ಮೇಷ್ಟ್ರು ಈ ಶನಿವಾರ ಸ್ಕೂಲ್ ಮುಂದಿನ ಕ್ರಾಸಲ್ಲಿ ಅಳತೆಗೆ ಕೂರ್ತಾರೆ, ಬರೆಯೋಕೆ ಇನ್ನೊಬ್ರು ಬೇಕಂತೆ. ರಾತ್ರಿ ಹತ್ತೂಕಾಲಿಗೆ ಬನ್ನಿ, ಸ್ವೆಟರ್ ಹಾಕ್ಕೊಳಿ, ಸೊಳ್ಳೆಗೆ ಏನಾದ್ರೂ ಹಚ್ಕೊಂಡೇ ಬನ್ನಿ, ಫ್ಲಾಸ್ಕಲ್ಲಿ ಕಾಫಿ ನಾನು ತರ್ತೀನಿ.