ಮರಿಯಲ್ಲ, ಬೆಳೆದ ಮೀನೇ: ಹೊಸ ಕುಬ್ಜ ಮೀನಿಗೆ ಹೆಸರು ಸಿಗುವುದು ಹೇಗೆ?

ಹೊಳೆಯಂಚಿನ ಬೇರು, ಕೊಳೆತ ಎಲೆಗಳ ನಡುವೆ ಬಲೆ ಆಡಿಸಿದಾಗ ಕಿರುಬೆರಳಿನ ಉಗುರಿನಷ್ಟಿರುವ ಮೀನು ಬಂದರೆ, ‘ಯಾವುದೋ ಮೀನಿನ ಮರಿ’ ಎಂದು ವಾಪಸ್ ನೀರಿಗೆ ಬಿಡುವವರೇ ಹೆಚ್ಚು. ಹೊಸದೋ ಹಳೆಯದೋ ಎಂಬ ಪ್ರಶ್ನೆ ಆಮೇಲಿನದು. ಕುಬ್ಜ ಮೀನಿನ ವಿಷಯದಲ್ಲಿ ಮೊದಲು ಅದು ಬೆಳೆದ ಮೀನು ಎಂದು ತೋರಿಸಬೇಕು.

ಅದಕ್ಕೂ ಮುಂಚೆ ಅನುಮತಿ. ಅಭಯಾರಣ್ಯದ ತೊರೆಯಾದರೆ ಅರಣ್ಯ ಇಲಾಖೆಯ ಕಾಗದವಿಲ್ಲದೆ ಬಲೆ ಹಾಕುವಂತಿಲ್ಲ. ಜಾಗದ ಅಕ್ಷಾಂಶ–ರೇಖಾಂಶ, ನೀರಿನ ಬಣ್ಣ, ಆಮ್ಲೀಯತೆ, ತಳದಲ್ಲಿ ಮರಳಿದೆಯೋ ಎಲೆಯೋ, ಎಲ್ಲವನ್ನೂ ದಡದಲ್ಲೇ ಬರೆದುಕೊಳ್ಳಿ. ಮೀನು ಬದುಕಿರುವಾಗಲೇ ಫೋಟೊ ತೆಗೆಯಿರಿ. ಕೆಡದಂತೆ ಇಡುವ ದ್ರಾವಣಕ್ಕೆ ಬಿದ್ದ ಮೇಲೆ ಬಣ್ಣ ಮಾಸಿಹೋಗುತ್ತದೆ. ಬಳಿಕ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನುಗಳಿಗೆ ಅರಿವಳಿಕೆ ಕೊಟ್ಟು ಕೊನೆಗಾಣಿಸಿ, ಕೆಲವನ್ನು ನೇರವಾಗಿ ಮದ್ಯಸಾರಕ್ಕೂ ಉಳಿದವನ್ನು ಫಾರ್ಮಲಿನ್‌ಗೂ ಹಾಕಬೇಕು. ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದರೆ ಕೆಲಸ ಕೆಟ್ಟಿತು: ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ.

ಈಗ ಸೂಕ್ಷ್ಮದರ್ಶಕದಡಿ ಹೊಟ್ಟೆ ನೋಡಿ. ಬಲಿತ ಮೊಟ್ಟೆ ಕಂಡರೆ ಮರಿಯೆಂಬ ವಾದ ಮುಗಿಯಿತು. ಸುಮಾತ್ರಾದ ಪೀಟ್ (ಅರೆಕೊಳೆತ ಸಸ್ಯರಾಶಿ) ಜೌಗಿನ ಕಡುಗಂದು ಆಮ್ಲ ನೀರಿನಿಂದ ಬಂದ ‘ಪೀಡೊಸಿಪ್ರಿಸ್ ಪ್ರೊಜೆನೆಟಿಕಾ’ 2006ರಲ್ಲಿ ವರದಿಯಾದಾಗ, ಅದರ ಅತಿ ಚಿಕ್ಕ ಪ್ರೌಢ ಹೆಣ್ಣಿನ ಉದ್ದ 7.9 ಮಿಲಿಮೀಟರ್!

ನನ್ನ ಮಟ್ಟಿಗೆ ಇಡೀ ಕೆಲಸದ ಸೊಗಸಿರುವುದು ಮುಂದಿನ ಹಂತದಲ್ಲಿ. ಮೃದ್ವಸ್ಥಿಗೆ ಆಲ್ಸಿಯನ್ ನೀಲಿ ಹಿಡಿಸಿ, ಟ್ರಿಪ್ಸಿನ್ ಕಿಣ್ವದಿಂದ ಮಾಂಸವನ್ನು ಪಾರದರ್ಶಕ ಮಾಡಿ, ಗಟ್ಟಿ ಮೂಳೆಗೆ ಅಲಿಜರಿನ್ ಕೆಂಪು ಹಿಡಿಸಿ, ಕೊನೆಗೆ ಗ್ಲಿಸರಿನ್‌ನಲ್ಲಿ ಇಡುತ್ತಾರೆ. ಮೀನನ್ನು ಕೊಯ್ಯದೆಯೇ ಅಸ್ಥಿಪಂಜರ ಎರಡು ಬಣ್ಣದಲ್ಲಿ ಕಾಣುತ್ತದೆ. ಮ್ಯಾನ್ಮಾರ್‌ನಿಂದ ಅಕ್ವೇರಿಯಂ ವ್ಯಾಪಾರದ ಮೂಲಕ ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದ್ದ ಪುಟ್ಟ ಮೀನುಗಳ ಕೋರೆಗಳು ಬಯಲಾದದ್ದು, ಸತ್ತವಕ್ಕೆ ಹೀಗೆ ಬಣ್ಣ ಹಿಡಿಸಿದ ಮೇಲೆಯೇ. ಅವು ಹಲ್ಲುಗಳೇ ಅಲ್ಲ, ದವಡೆಯ ಮೂಳೆಯೇ ಮುಂದಕ್ಕೆ ಚಾಚಿಕೊಂಡಿತ್ತು. 2009ರಲ್ಲಿ ಆ ಮೀನಿಗೆ ‘ಡೇನಿಯೊನೆಲ್ಲಾ ಡ್ರಾಕುಲಾ’ ಎಂದು ಹೆಸರಿಟ್ಟರು.

ಆಮೇಲೆ ಹೋಲಿಕೆ. ರೆಕ್ಕೆಯ ಕಡ್ಡಿ, ಬೆನ್ನುಮೂಳೆಯ ಮಣಿ ಎಣಿಸಿ, ಹಳೆಯ ವಿವರಣೆಗಳ ಜತೆಗೂ ಮ್ಯೂಸಿಯಂ ಮಾದರಿಗಳ ಜತೆಗೂ ತಾಳೆ ನೋಡಬೇಕು. ಬೇಸರದ ಕೆಲಸವೇ, ಆದರೆ ಬಿಟ್ಟರೆ ಕೆಡುತ್ತದೆ. ಮಿದುಳು ಸಂಶೋಧಕರು ವರ್ಷಗಟ್ಟಲೆ ‘ಡೇನಿಯೊನೆಲ್ಲಾ ಟ್ರಾನ್ಸ್‌ಲುಸಿಡಾ’ ಎಂದುಕೊಂಡು ಸಾಕುತ್ತಿದ್ದ ಮೀನು ಬೇರೆಯೇ ಪ್ರಭೇದ ಎಂದು 2021ರಲ್ಲಿ ತಿಳಿಯಿತು. ಈಗ ಅದು ‘ಡೇನಿಯೊನೆಲ್ಲಾ ಸೆರೆಬ್ರಮ್’.

ಇನ್ನು ಹೊಸ ಪ್ರಭೇದವನ್ನು ವರದಿ ಮಾಡುವ ಲೇಖನ. ಅದರ ಜೀವಾಳ ಒಂದೇ ಪ್ಯಾರಾ: ಈ ಮೀನು ತನ್ನ ಬಳಗದ ಉಳಿದೆಲ್ಲವುಗಳಿಂದ ಹೇಗೆ ಬೇರೆ? ದಕ್ಷಿಣ ಕರ್ನಾಟಕದ ಬಾರಾಪೊಳೆ ಕಡೆಯ ಕಿರುತೊರೆಯಿಂದ 2012ರಲ್ಲಿ ವರದಿಯಾದ ‘ಡೇರಿಯೊ ಯುರಾಪ್ಸ್’ಗೆ ಬಾಲದ ಬುಡದ ಕಪ್ಪು ಮಚ್ಚೆಯೇ ಎದ್ದು ಕಾಣುವ ಗುರುತು. ಆಗ ಗೊತ್ತಿದ್ದ ಅದರ ನೆಂಟರೆಲ್ಲ ದೂರದ ಈಶಾನ್ಯ ಭಾರತ, ಮ್ಯಾನ್ಮಾರ್ ಕಡೆಯವರು. ಹಾಗಾಗಿ ಪಶ್ಚಿಮ ಘಟ್ಟದಲ್ಲಿ ಅದು ಸಿಕ್ಕಿದ್ದೇ ಅಚ್ಚರಿ. 2018ರಲ್ಲಿ ವಯನಾಡಿನಿಂದ ‘ಡೇರಿಯೊ ನೀಲಾ’ ಕೂಡ ಸೇರಿಕೊಂಡಿತು.

ಒಂದೇ ಒಂದು ಮೀನನ್ನು ಮೂಲ ಮಾದರಿ, ಅಂದರೆ ಹೋಲೊಟೈಪ್ ಎಂದು ಆರಿಸಿ ಮ್ಯೂಸಿಯಂಗೆ ಕೊಡಬೇಕು. ನಮ್ಮ ದೇಶದಲ್ಲಿ ಹೊಸ ಪ್ರಭೇದ ಸಿಕ್ಕರೆ ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಹೆಸರು ಗಂಡಸಿನ ಗೌರವಕ್ಕಾದರೆ ಸಾಮಾನ್ಯವಾಗಿ ಕೊನೆಗೆ ‘ಐ’, ಹೆಂಗಸಿನದಾದರೆ ‘ಏ’ ಸೇರುತ್ತದೆ. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಲೇಖನ ಆನ್‌ಲೈನ್‌ನಲ್ಲಷ್ಟೇ ಬರುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಇಲ್ಲವಾದರೆ ಹೆಸರು ಊರ್ಜಿತವಾಗದು.

ಕೊನೆಗೊಂದು ತಲೆನೋವು: ಸಿಕ್ಕ ಜಾಗದ ನಿಖರ ಗುರುತನ್ನು ಅಚ್ಚು ಹಾಕಬೇಕೇ? ವಿಜ್ಞಾನಕ್ಕೆ ಅದು ಬೇಕು, ಅಕ್ವೇರಿಯಂ ಮೀನು ಹಿಡಿಯುವವರಿಗೂ ಬೇಕು. ಒಂದೇ ತೊರೆಯಲ್ಲಿರುವ ಮೀನಾದರೆ, ಊರಿನ ಹೆಸರನ್ನಷ್ಟೇ ಬರೆದು ಅಕ್ಷಾಂಶ–ರೇಖಾಂಶವನ್ನು ಮ್ಯೂಸಿಯಂ ದಾಖಲೆಯಲ್ಲಿಡುವುದು ಮೇಲು ಎಂಬುದು ನನ್ನ ಅಭಿಪ್ರಾಯ.